ಸಂತರ ಮೇಜಿನ ಮೀನು

ತೊಂಬತ್ತರ ದಶಕದಲ್ಲಿ ನಾನು ಅಮೆರಿಕದ ಗೈದರ್ಸ್‌ಬರ್ಗಿನ ಮಗಳ ಮನೆಗೆ ಹೋದಾಗ ಅವಳು ಡ್ರೈವಿಂಗ್ ಟೆಸ್ಟಿನಲ್ಲಿ ಮೂರು ಸಲ ಫೇಲಾಗಿ ಕೂತಿದ್ದಳು. ಅಳಿಯ ಕಾರು ತೆಗೆದುಕೊಂಡು ಕೆಲಸಕ್ಕೆ ಹೋದರೆ ನಾನು, ಮಗಳು, ನಾಲ್ಕು ವರ್ಷದ ಮೊಮ್ಮಗಳು ಸಂಜೆಯವರೆಗೆ ಕಿಟಕಿ ಕಾಯುವುದು. ಅಲ್ಲಿ ಕಾರು ಓಡಿಸಲು ಬಾರದವರಿಗೆ ಒಂದು ಕಟ್ಟು ಕೊತ್ತಂಬರಿ ಸೊಪ್ಪೂ ಸಿಗುವುದಿಲ್ಲ.

ಅದಕ್ಕೇ ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಶುರುವಾದ ದಿನ ಸಂತ ಜೋಸೆಫರಿಗೆ ಹರಕೆ ಹೇಳಿಕೊಂಡೆ. ನಾಲ್ಕನೇ ಸಲವಾದರೂ ಇವಳು ಪಾಸಾಗಲಿ, ಈಸ್ಟರಿನವರೆಗೆ ನಾನು ಮೀನು ಮುಟ್ಟುವುದಿಲ್ಲ. ಮಾಂಸ ಬಿಡುವುದು ದೊಡ್ಡದಲ್ಲ, ಎಲ್ಲರೂ ಬಿಡುತ್ತಾರೆ. ಮಂಗಳೂರಿನವಳು ಮೀನು ಬಿಟ್ಟರೆ ಅದರ ಕಷ್ಟ ಸಂತರಿಗೂ ಗೊತ್ತಾಗಬೇಕು.

ನಾವು ಹೋಗುತ್ತಿದ್ದ ಇಗರ್ಜಿಯಲ್ಲಿ ಇಟಲಿಯವರು ಜಾಸ್ತಿ. ಸಂತ ಜೋಸೆಫರ ಹಬ್ಬಕ್ಕೆ ಅವರು ಇಗರ್ಜಿಯ ಹಾಲ್‌ನಲ್ಲಿ ಊಟ ಹಾಕುತ್ತಾರೆ. ಅವರದ್ದೊಂದು ಪದ್ಧತಿ: ಒಬ್ಬ ಮುದುಕ, ಒಬ್ಬ ಹೆಂಗಸು, ಒಂದು ಮಗು ಸೇರಿ ಜೋಸೆಫ್, ಮೇರಿ, ಯೇಸುವಾಗಿ ಸಂತರ ಮೂರ್ತಿಯ ಮುಂದೆ ಕೂರಬೇಕು. ದೂರದ ಊರಿನವರಾದರೆ ಒಳ್ಳೆಯದಂತೆ. ಬಡಿಸಿದ್ದನ್ನೆಲ್ಲ ಈ ಮೂವರು ರುಚಿ ನೋಡಿದ ಮೇಲೆಯೇ ಉಳಿದವರು ಬಾಯಿಗಿಡಬೇಕು. ನನಗಿಂತ ದೂರದವರು ಅಲ್ಲಿ ಯಾರಿದ್ದರು? ಅರವತ್ತೆಂಟನೇ ವಯಸ್ಸಿನಲ್ಲಿ ತಲೆಗೆ ನೀಲಿ ಬಟ್ಟೆ ಹೊದಿಸಿ ನನ್ನನ್ನು ಮೇರಿ ಮಾಡಿದರು. ಮೊಮ್ಮಗಳು ಯೇಸು. ಜೋಸೆಫನಾದ ಮುದುಕ ಕೂತ ಕೂಡಲೇ ಫೋರ್ಕ್ ಹಿಡಿದ.

ಮೊದಲು ಬೇಳೆಯ ಸಾರು. ಉಪ್ಪು ಕಡಿಮೆ, ಪರವಾಗಿಲ್ಲ. ಆಮೇಲೆ ಹುರಿದ ಬ್ರೆಡ್ಡಿನ ಪುಡಿ ಉದುರಿಸಿದ ಪಾಸ್ಟಾ. ಆ ಪುಡಿ ಮರದ ಹೊಟ್ಟಂತೆ, ಸಂತರು ಬಡಗಿಯಲ್ಲವೇ. ಎಣ್ಣೆಯಲ್ಲಿ ಕರಿದ ಬದನೆಕಾಯಿಯನ್ನು ನಾನು ಎರಡು ಸಲ ಹಾಕಿಸಿಕೊಂಡೆ. ಅಷ್ಟರಲ್ಲಿ ಬಂತು, ನಿಂಬೆಹಣ್ಣು ಹಿಂಡಿದ ಇಡೀ ಮೀನು. ಹಬೆ ಮೂಗಿಗೆ ಬಡಿಯಿತು. ನಾನು ಫೋರ್ಕ್ ಕೆಳಗಿಟ್ಟೆ.

ಮಗಳು ಹಿಂದಿನಿಂದ ಬಗ್ಗಿದಳು. “ಎಂತಾಯ್ತು ಅಮ್ಮ? ತಿನ್ನು.”

“ಹರಕೆ ಉಂಟಲ್ಲ ಮಾರಾಯ್ತಿ. ನಿನ್ನ ಟೆಸ್ಟಿಂದು.”

“ಹಾಲ್ ತುಂಬಾ ಜನ ವೇಟ್ ಮಾಡ್ತಾ ಇದ್ದಾರೆ!”

“ತಿನ್ಬೇಡಿ ಅಂತ ನಾನು ಹೇಳಿದೆನಾ?”

“ನೀನು ತಿನ್ನದೆ ಅವರು ತಿನ್ನುವ ಹಾಗಿಲ್ಲ. ನೀನು ಮೇರಿ!”

“ಅಜ್ಜಿ, ಇಟ್ಸ್ ರಿಯಲಿ ಗುಡ್,” ಎಂದಿತು ನಮ್ಮ ಯೇಸು, ಬಾಯಿ ತುಂಬ ಮೀನು ತುಂಬಿಕೊಂಡು.

ಅಡುಗೆ ಮಾಡಿದ ಇಟಲಿಯ ಮುದುಕಿ ಸೊಂಟಕ್ಕೆ ಕೈಕೊಟ್ಟು ಬಂದು ನಿಂತಳು. ಅವಳ ಮೀನನ್ನು ನಾನು ಹಳಿದೆ ಎಂದುಕೊಂಡಿರಬೇಕು, ಮುಖ ಕೆಂಪಾಗಿತ್ತು. ಮಗಳನ್ನು ಏನೋ ಕೇಳಿದಳು.

“ನಿಂಗೆ ಮೀನು ಇಷ್ಟ ಇಲ್ವಾ ಅಂತ ಕೇಳ್ತಿದ್ದಾರೆ.”

“ಇಷ್ಟ ಇಲ್ಲದಿದ್ರೆ ಹರಕೆಗೆ ಮೀನು ಯಾಕೆ ಬಿಡ್ಲಿ? ಹಾಗಲಕಾಯಿ ಬಿಡ್ತಿದ್ದೆ.”

ಮಗಳು ಅದನ್ನು ಇಂಗ್ಲಿಷಿನಲ್ಲಿ ಹೇಳಲಿಲ್ಲ, ಸುಮ್ಮನೆ ಹಲ್ಲು ಕಿರಿದಳು.

ನಾನು ಮೂರ್ತಿಯತ್ತ ನೋಡಿದೆ. ಹರಕೆಯೂ ಇವರದೇ, ಮೀನೂ ಇವರದೇ. ಅವರ ಮೇಜಿಗೆ ಕೂತು ಅವರು ಕೊಟ್ಟದ್ದನ್ನು ಬೇಡವೆಂದರೆ ಯಾವ ಮರ್ಯಾದೆ? ಈಸ್ಟರ್ ಕಳೆದು ಒಂದು ವಾರ ಹೆಚ್ಚಿಗೆ ಬಿಡುತ್ತೇನೆ ಎಂದು ಅವರೊಂದಿಗೆ ಮನಸ್ಸಿನಲ್ಲೇ ಮಾತಾಡಿಕೊಂಡು ಒಂದು ಚೂರು ಬಾಯಿಗಿಟ್ಟೆ. ಇಡೀ ಹಾಲ್ ಚಪ್ಪಾಳೆ ಹೊಡೆಯಿತು. ಪದ್ಧತಿಗೆ ಒಂದು ಚೂರು ಸಾಕಿತ್ತು. ನಾನು ಮುಳ್ಳು ಮಾತ್ರ ಬಿಟ್ಟೆ.

ಮುಂದಿನ ವಾರ ಟೆಸ್ಟು. ಹಿಂದಕ್ಕೆ ತೆಗೆದು ಪಾರ್ಕ್ ಮಾಡುವಾಗ ಕಂಬಕ್ಕೆ ಗುದ್ದಿ ಮಗಳು ನಾಲ್ಕನೇ ಸಲವೂ ಫೇಲಾಗಿ ಬಂದಳು.

“ನೀನು ಮೀನು ತಿಂದದ್ದಕ್ಕೇ ಹೀಗಾದದ್ದು!”

“ತಿಂದದ್ದು ನಾನು. ಗುದ್ದಿದ್ದು ನೀನು.”

ಆದರೂ ಹೇಳಿದ ಮಾತು ಮಾತೇ. ಈಸ್ಟರ್ ಕಳೆದು ಒಂದು ವಾರ ಬೇಳೆ ಸಾರಿನಲ್ಲೇ ಉಂಡೆ. ಐದನೇ ಸಲಕ್ಕೆ ಮಾತ್ರ ಯಾವ ಸಂತರಿಗೂ ತೊಂದರೆ ಕೊಡಲಿಲ್ಲ. ರಜಾದಿನ ಅಳಿಯನಿಂದ ಎರಡು ಕಸದ ಡಬ್ಬಿ ರಸ್ತೆಗಿಡಿಸಿ, ನಾನೇ ಪಕ್ಕದಲ್ಲಿ ನಿಂತು, ಅದರ ನಡುವೆ ಅವಳಿಂದ ಕಾರು ಹಿಂದಕ್ಕೆ ಹಾಕಿಸಿದೆ. ಡಬ್ಬಿಗಳು ಜಜ್ಜಿಹೋದವು. ಅವಳು ಪಾಸಾದಳು.

ಅದೇ ದಿನ ಮಗಳು ತಾನೇ ಡ್ರೈವ್ ಮಾಡಿ ನಮ್ಮನ್ನು ಮೀನಿನ ಅಂಗಡಿಗೆ ಕರೆದುಕೊಂಡು ಹೋದಳು. ಬಾಗಿಲಿನಿಂದ ಬಹಳ ದೂರ, ಅಕ್ಕಪಕ್ಕ ಒಂದೂ ಕಾರಿಲ್ಲದ ಮೂಲೆಯಲ್ಲಿ ನಿಲ್ಲಿಸಿದಳು. ನಾನು ಚೀಲ ಹಿಡಿದು ನಡೆದೆ. ಮೀನಿಗಾದರೆ ಅಷ್ಟು ನಡೆಯಬಹುದು.