ಹಿಟ್ಟಿನ ಡಬ್ಬದಲ್ಲಿ ಎರಡು ಬಾಟಲಿ

ರಾಗಿಹಿಟ್ಟಿನ ಡಬ್ಬದ ತಳಕ್ಕೆ ಕೈ ಹಾಕಿದೆ. ನನಗೆ ಥೈರಾಯ್ಡ್ ಇರುವುದು ಗಂಡನ ಮನೆಯವರಿಗೆ ಗೊತ್ತಾಗಬಾರದೆಂದು ಮದುವೆಯಾದಾಗಿನಿಂದ ಮಾತ್ರೆಯ ಬಾಟಲಿಯನ್ನು ಅಲ್ಲೇ ಬಚ್ಚಿಡುತ್ತಿದ್ದೆ. ಈಗ ನನ್ನದರ ಜೊತೆ ಅಂಥದೇ ಇನ್ನೊಂದು ಬಾಟಲಿ ಸಿಕ್ಕಿತು!

ಹಿಂದೆಯೇ ಅತ್ತೆ ನಿಂತಿದ್ದರು. ಕೆಲವು ತಿಂಗಳಿಂದ ಅವರ ಮುಖ ಊದಿಕೊಂಡಿತ್ತು. ವಯಸ್ಸಾಯಿತು ಎಂದುಕೊಂಡಿದ್ದೆ.

"ಅದು ನಂದು ಕಣಮ್ಮಿ, ಥೈರಾಯ್ಡ್ ಮಾತ್ರೆ. ಅಕ್ಕಿ ಡಬ್ಬದಿಂದ ನೆನ್ನೆ ಇದ್ರೊಳಕ್ಕೆ ಹಾಕ್ದೆ. ನಿಮ್ಮಾವಂಗೆ ಏಳ್ಬ್ಯಾಡ" ಎಂದು ಪಿಸುಗುಟ್ಟಿದರು. "ಎಲ್ರೂ ಏಳೋಕ್ ಮುಂಚೆ ನುಂಗ್ತಿದ್ದೆ. ನೀನು ಬಂದ್ಮೇಲೆ ಆಯ್ತಾನೇ ಇಲ್ಲ. ನನಗಿಂತ ಮೊದ್ಲೇ ಎದ್ದು ಅಡ್ಗೆಮನೇಲಿ ಇರ್ತೀಯಲ್ಲ."

ಬೇಗ ಏಳುವ ಸೊಸೆ ಎಂದು ಹರದನಹಳ್ಳಿಯ ನಮ್ಮ ಬೀದಿಯಲ್ಲೆಲ್ಲ ನನಗೆ ಹೆಸರಿತ್ತು. ಕದ್ದು ಮಾತ್ರೆ ನುಂಗಲು ನಾನು ಎದ್ದ ಒಂದೊಂದು ಬೆಳಗ್ಗೆಯೂ ಅತ್ತೆಯ ಮಾತ್ರೆ ತಪ್ಪಿತ್ತು.