ತೊಲೆಗೆ ಕಟ್ಟಿದ ಗುಂಡು

ನನಗೊಂದು ಕೆಟ್ಟ ಚಟವಿದೆ. ಯಾರ ಮನೆಗೆ ಹೋದರೂ ಕಣ್ಣಿಗೆ ಬಿದ್ದ ಸಾಮಾನಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ, ಆ ಶಬ್ದ ಎಲ್ಲಿಂದ ಬಂತು ಎಂದು ಕೇಳದವರಿಗೂ ಹೇಳಿಬಿಡುತ್ತೇನೆ. ಕಲಬುರಗಿಯ ಹೈಸ್ಕೂಲಿನಲ್ಲಿ ಇಷ್ಟು ವರ್ಷ ಇಂಗ್ಲಿಷ್ ಕಲಿಸಿದ ಪಾಪದ ಫಲ. ನಾನು ಬಾಯಿ ತೆರೆದರೆ ಸಾಕು, ಬಂಧುಗಳಿಗೆಲ್ಲ ಒಲೆಯ ಮೇಲಿನ ಹಾಲು ನೆನಪಾಗುತ್ತದೆ.

ನಮ್ಮಣ್ಣ ಕಮಲಾಪುರದಲ್ಲಿ ಗೌಂಡಿ. ಅಲ್ಲಿನ ಎಷ್ಟೋ ಮನೆಗಳ ಗೋಡೆ ಎಬ್ಬಿಸಿದ ಕೈ ಅವನದು. ಅವನ ಮಗಳು ಭಾಗ್ಯ ಹೆರಿಗೆಗೆ ತವರಿಗೆ ಬಂದು ಹಡೆದಿದ್ದಳು. ಒಂದು ಭಾನುವಾರ ಸೂಪರ್ ಮಾರ್ಕೆಟ್‌ನಲ್ಲಿ ಕೂಸಿನ ತಲೆಗೊಂದು ಕುಂಚಿಗೆ ಕೊಂಡು ಬಸ್ಸು ಹತ್ತಿದೆ. ಆ ದಿನಗಳಲ್ಲಿ ನಮ್ಮ ಕಡೆ ನೆಲ ಸಣ್ಣಗೆ ನಡುಗಿ, ಒಳಗಿಂದ ಸದ್ದು ಬರುತ್ತಿತ್ತು. ಯಾರೋ ಟ್ರ್ಯಾಕ್ಟರಿನಿಂದ ಕಲ್ಲು ಸುರಿದ ಹಾಗೆ, ಆದರೆ ಕಾಲ ಕೆಳಗೆ. ಸದ್ದು ನಿಂತ ಮೇಲೆ ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ.

ಬಾಣಂತಿ ಕೋಣೆಯ ತೊಲೆಗೆ ತೊಟ್ಟಿಲು ಕಟ್ಟಿದ್ದರು. ಅದರ ಪಕ್ಕದಲ್ಲೇ ದಾರದ ತುದಿಗೆ ಅಣ್ಣನ ತೂಕದ ಗುಂಡು, ಗೋಡೆ ನೆಟ್ಟಗಿದೆಯೇ ಎಂದು ನೋಡುವಂಥದು, ನೆಲಕ್ಕೆ ಬೆರಳಷ್ಟು ಮೇಲೆ ನಿಂತಿತ್ತು. ಮೈತುಂಬ ಕುಂಕುಮ. ನಾನು ಸುಮ್ಮನಿರುತ್ತೇನೆಯೇ? ಇದು ‘ಪ್ಲಂಬ್ ಬಾಬ್’ ಎಂದು ಶುರುಮಾಡಿದೆ. ಪ್ಲಂಬ್ ಎಂದರೆ ಲ್ಯಾಟಿನ್ನಿನ ಸೀಸ. ಸೀಸದ ಕೊಳವೆ ಕೂಡಿಸುವವನೇ ಪ್ಲಂಬರ್ ಆದ. ಹಡಗಿನವರು ಸೀಸದ ಗುಂಡನ್ನು ಸಮುದ್ರಕ್ಕೆ ಇಳಿಬಿಟ್ಟು ಆಳ ನೋಡುತ್ತಿದ್ದರಿಂದ, ಕಾಣದ ಆಳ ಅಳೆಯುವುದಕ್ಕೂ ಅದೇ ಶಬ್ದ ಬಂತು. ಅಣ್ಣನ ಹೆಂಡತಿ, ನಮ್ಮ ವೈನಿ, ತಾಳ್ಮೆಯಿಂದ ಕೇಳಿದಳು.

“ಅದೆಲ್ಲಾ ನಂಗ ತಿಳ್ಯಂಗಿಲ್ಲವ್ವಾ. ಕೂಸಿಗಿ ದೃಷ್ಟಿ ಆಗಬಾರದಂತ ಇವ್ರು ಕಟ್ಟ್ಯಾರ. ನಾ ದಿನಾ ಕುಂಕುಮ ಹಚ್ಚಿ ಕೈ ಮುಗೀತೀನಿ,” ಎಂದು ಚಹಾ ಇಡಲು ಹೋದಳು.

ಅವಳು ಅತ್ತ ಹೋದದ್ದೇ ಅಣ್ಣ ಗುಂಡಿನ ಕೆಳಗಿನ ಚಾಪೆ ಸರಿಸಿದ. ಫರಸಿ ಕಲ್ಲಿನ ಮೇಲೆ ಸುಣ್ಣದ ಮೂರು ಚುಕ್ಕೆ. ಮೊದಲನೆಯದು ಗುಂಡು ಕಟ್ಟಿದ ದಿನ ಅದರ ಮೊನೆ ಇದ್ದ ಜಾಗ. ಈಗ ಮೊನೆ ಮೂರನೆಯದನ್ನೂ ದಾಟಿತ್ತು.

“ಗುಂಡು ಸರಿಯಂಗಿಲ್ಲ ತಂಗಿ,” ಅಂದ ಮೆಲ್ಲಗೆ. “ಮನಿ ಸರದಾದ.”

ಮಂಚದ ಮೇಲೆ ಭಾಗ್ಯ ನಿದ್ದೆಹೋಗಿದ್ದಳು. ತೊಟ್ಟಿಲಲ್ಲಿ ಕೂಸು ನಿದ್ದೆಯಲ್ಲೇ ನಗುತ್ತಿತ್ತು. “ಮತ್ತ ಇವರನ್ನ ಇಲ್ಲಿ ಯಾಕ ಮಲಗಿಸೀದಿ, ಅಣ್ಣಾ?”

“ಸವ್ವಾ ತಿಂಗಳು ತುಂಬೂತನಕ ಬಾಣಂತಿ ಹೊಸ್ತಿಲು ದಾಟಬಾರದಂತಾಳ ನಿಮ್ಮ ವೈನಿ. ದಾಟಸಬೇಕಂದ್ರ ಕಾರಣ ಹೇಳಬೇಕು. ನಾನೇ ಕಟ್ಟಿದ ಗ್ವಾಡಿ ವಾಲ್ಯಾದ ಅಂತ ಯಾವ ಬಾಯಿಲೆ ಹೇಳಲಿ?”

ಅಷ್ಟರಲ್ಲಿ ಕಾಲ ಕೆಳಗೆ ಕಲ್ಲು ಉರುಳಿತು. ಅಡುಗೆಮನೆಯ ಭಾಂಡೆಗಳು ಗಲಗಲ ಎಂದವು. ಯಾರೂ ಮುಟ್ಟದ ಗುಂಡು ಮೆಲ್ಲಗೆ ಸುತ್ತತೊಡಗಿತು, ಸಣ್ಣ ಸುತ್ತು, ಮತ್ತೊಂದು ಸುತ್ತು. ಹಗಲು ಮೂರು ಗಂಟೆಯ ಬಿಸಿಲು ಬಾಗಿಲಲ್ಲೇ ಇತ್ತು. ಲ್ಯಾಟಿನ್ ಎಲ್ಲ ಮರೆತು ನಾನು ತೊಟ್ಟಿಲ ಹಗ್ಗ ಹಿಡಿದುಕೊಂಡೆ. ಓಡಿಬಂದ ವೈನಿ ಗುಂಡಿನ ಮುಂದೆ ನಿಂತು ಕೈ ಮುಗಿದಳು.

“ನೋಡವ್ವಾ, ದೃಷ್ಟಿ ತೆಗ್ಯಾಕತ್ತದ!”

ಅಣ್ಣನ ಮುಖ ಬೂದಿಯಾಗಿತ್ತು. “ಅದು ದೃಷ್ಟಿ ಗುಂಡಲ್ಲ,” ಎಂದ. “ಗ್ವಾಡಿ ವಾಲ್ಯಾದ. ನಾ ಕಟ್ಟಿದ ಗ್ವಾಡಿ. ಕೂಸಿನ್ನ ತಗೊಂಡು ಹೊರಗ ನಡೀರಿ.”

ವೈನಿ ಗೋಡೆಯ ಕಡೆ ನೋಡಲೇ ಇಲ್ಲ; ಅವನನ್ನೇ ಒಂದು ಗಳಿಗೆ ನೋಡಿದಳು. ಕೂಸನ್ನು ಎತ್ತಿಕೊಂಡು, ಭಾಗ್ಯಳ ಕೈ ಹಿಡಿದು ಹೊಸ್ತಿಲು ದಾಟಿದಳು.

ಅಂಗಳದ ತಗಡಿನ ಶೆಡ್ಡಿನಲ್ಲಿ ಎಲ್ಲರೂ ಕೂತೆವು. ವೈನಿ ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕೂಸನ್ನು ಭಾಗ್ಯಳ ಮಡಿಲಿಗೆ ಹಾಕಿ ಅಣ್ಣನ ಕಡೆ ತಿರುಗಿದಳು.

“ಗ್ವಾಡಿ ವಾಲಿದ್ದಕ್ಕ ನಂಗ ಸಿಟ್ಟಿಲ್ಲರೀ. ಇಷ್ಟು ದಿನ ನಾ ಆ ಗುಂಡಿಗಿ ಕೈ ಮುಗಿಯೂದು ನೀವು ನೋಡಕೋತ ನಿಂತಿದ್ರಲ್ಲ.”



ಗೋಡೆ ಇನ್ನೂ ಬಿದ್ದಿಲ್ಲ. ಸದ್ದೂ ನಿಂತಿಲ್ಲ. ಶಬ್ದದ ಬೇರು ಕೆದಕುವ ನಾನು ಈಗ ಪರರ ಮನೆಯಲ್ಲಿ ಮೊದಲು ತೊಲೆಯನ್ನೇ ನೋಡುತ್ತೇನೆ, ಮಾತು ಆಮೇಲೆ. ಅಣ್ಣ ಮಾತ್ರ ಮರುದಿನವೇ ಗುಂಡಿನ ಕುಂಕುಮ ತೊಳೆದು, ಅದನ್ನು ಹಿಡಿದುಕೊಂಡು, ತಾನು ಕಟ್ಟಿದ ಮನೆಗಳ ಬಾಗಿಲು ಒಂದೊಂದಾಗಿ ಬಡಿಯುತ್ತ ಹೊರಟನಂತೆ. ಏನಾಗ್ಯಾದ ಎಂದು ಕೇಳಿದವರಿಗೆಲ್ಲ ಅವನದು ಒಂದೇ ಉತ್ತರ: “ಮೊದಲ ಕೂಸುಗೋಳ್ನ ಹೊರಗ ತಗೊಂಡು ಬರ್ರಿ. ಆಮ್ಯಾಲ ನನ್ನ ಬೈರಿ.”