ಅರ್ಥಿಂಗ್ ತಗ್ಗಿನ ಉಪ್ಪು

ಪಂಪಿನ ಮೋಟಾರಿನ ಸ್ಟಾರ್ಟರಿನ ಹಸಿರು ಬಟನ್ನಿನ ಸಂದಿಯಲ್ಲಿ ಪೆನ್ಸಿಲಿನಷ್ಟು ದಪ್ಪದ ಬೇವಿನ ಕಡ್ಡಿ ಸಿಕ್ಕಿಸಿದ್ದರು. ಅದರ ತೊಗಟೆ ಸುಲಿದು, ಒಂದು ತುದಿಯನ್ನು ಕುಡಗೋಲಿನಿಂದ ಚಪ್ಪಟೆ ಮಾಡಲಾಗಿತ್ತು. ಬಟನ್ ಒಳಗೇ ಒತ್ತಿಕೊಂಡು ನಿಂತಿತ್ತು. ಕಡ್ಡಿ ಕೀಳುವವರೆಗೆ ಅದು ಹೊರಗೆ ಬರುವಂತಿರಲಿಲ್ಲ.

೧೯೯೩ರ ಏಪ್ರಿಲ್ ತಿಂಗಳು. ನಾನು ರಾಯಬಾಗ ತಾಲೂಕಿನ ಒಂದು ಸೆಕ್ಷನ್ನಿನಲ್ಲಿ ವಿದ್ಯುತ್ ಇಲಾಖೆಯ ಜೂನಿಯರ್ ಇಂಜಿನಿಯರ್ ಆಗಿದ್ದೆ. ಬೆಳಗಾವಿಯಲ್ಲಿ ಪದವಿ ಮುಗಿಸಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಚಿಕ್ಕೋಡಿಯ ಮನೆಯಿಂದ ಬೆಳಗಿನ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಮರಳುತ್ತಿದ್ದೆ. ದಿಗ್ಗೇವಾಡಿಯ ಕಡೆ ಹೊಳೆದಂಡೆಯಲ್ಲಿದ್ದ ಒಂದು ಟ್ರಾನ್ಸ್‌ಫಾರ್ಮರ್ ನನ್ನ ವ್ಯಾಪ್ತಿಗೆ ಬರುತ್ತಿತ್ತು. ಊರವರು ಅದನ್ನು ಟಿ.ಸಿ. ಎನ್ನುತ್ತಿದ್ದರು. ಹೊಳೆಯಿಂದ ಕಬ್ಬಿಗೆ ನೀರೆತ್ತುವ ಹದಿನಾಲ್ಕು ಪಂಪ್‌ಸೆಟ್ಟುಗಳು ಅದರ ಮೇಲೆ ನಡೆಯುತ್ತಿದ್ದವು.

ಈ ಟಿ.ಸಿ. ನನ್ನ ಮೊದಲ ಹೆಮ್ಮೆ. ೧೯೯೧ರಲ್ಲಿ ನಾನು ಬಂದಾಗ ಅಲ್ಲಿದ್ದದ್ದು ೬೩ ಕೆವಿಎ ಸಾಮರ್ಥ್ಯದ ಹಳೆಯದು. ಎಲ್ಲ ಮೋಟಾರುಗಳು ಒಟ್ಟಿಗೆ ಎದ್ದರೆ ಫ್ಯೂಸ್ ಹಾರಿ ಎಲ್ಲವೂ ನಿಲ್ಲುತ್ತಿದ್ದವು. ನಾನು ಲೋಡ್ ಅಳೆದು, ವರದಿ ಬರೆದು, ಆರು ತಿಂಗಳು ಬೆನ್ನುಹತ್ತಿ ಅದರ ಜಾಗದಲ್ಲಿ ೧೦೦ ಕೆವಿಎ ಕೂಡಿಸಿದೆ. ಅದಾದ ಮೇಲೆ ಫ್ಯೂಸ್ ಹಾರಲಿಲ್ಲ. ಅಣ್ಣಾಸಾಹೇಬರೆಂಬ ಹಿರಿಯ ಕಬ್ಬು ಬೆಳೆಗಾರರು ಆ ಹದಿನಾಲ್ಕು ಮಂದಿಯ ಪರವಾಗಿ ಆಫೀಸಿಗೆ ಬಂದು, ಮೇಜಿನ ಮೇಲೆ ಒಂದು ಬುಟ್ಟಿ ದ್ರಾಕ್ಷಿ ಇಟ್ಟು, "ಹೆಣ್ಣಮಗಳ ಕೈಗುಣ ಚಲೋ ಐತ್ರೆಪಾ" ಎಂದು ನನಗಲ್ಲ, ಲೈನ್‌ಮನ್ ದಸ್ತಗೀರರಿಗೆ ಹೇಳಿ ಹೋಗಿದ್ದರು. ದ್ರಾಕ್ಷಿಯನ್ನು ಸಿಬ್ಬಂದಿಗೆ ಹಂಚಿದೆ. ಮಾತನ್ನು ಮಾತ್ರ ಇಟ್ಟುಕೊಂಡೆ.

ಆ ಏಪ್ರಿಲಿನ ಒಂದು ಬೆಳಿಗ್ಗೆ ಯಮುನಾಬಾಯಿ ಎಂಬಾಕೆ ಆಫೀಸಿಗೆ ಬಂದರು. ವಯಸ್ಸು ಐವತ್ತರ ಹತ್ತಿರ. ಬೇರೆಯವರ ಕಬ್ಬಿನಲ್ಲಿ ಕೂಲಿ ಮಾಡುತ್ತಿದ್ದರು. ಸ್ವಂತದ್ದೆಂದು ಟಿ.ಸಿ.ಯ ಕೆಳಗಿನ ತಗ್ಗಿನಲ್ಲಿ ಒಂದು ಎಕರೆ ಹತ್ತು ಗುಂಟೆ ಹೊಲವಿತ್ತು. ಸೆರಗಿನ ಗಂಟು ಬಿಚ್ಚಿ, ಒಂದು ಹೆಂಟೆ ಮಣ್ಣನ್ನು ನನ್ನ ರಿಜಿಸ್ಟರಿನ ಮೇಲಿಟ್ಟರು. ಹೆಂಟೆಯ ಒಂದು ಮಗ್ಗುಲು ಸುಣ್ಣ ಬಳಿದಂತೆ ಬೆಳ್ಳಗಿತ್ತು.

"ಅಕ್ಕಾರ, ನಿಮ್ಮ ಕರೆಂಟ ನನ್ನ ಹೊಲ ತಿನ್ನಾಕತ್ತೈತ್ರಿ."

"ತಂತಿ ಹರದೈತೇನ್ರಿ ಮಾವಶಿ?"

"ತಂತಿ ಹರದಿದ್ರ ನಿಮ್ಮ ಮಂದಿ ತಾವ ಓಡಿ ಬರ್ತಿದ್ರು. ದೊಡ್ಡ ಟಿ.ಸಿ. ಕೂಡ್ಸಿದ್ರಿ, ಅವತ್ತಿಂದ ಮ್ಯಾಲಿನವರ ಮೋಟಾರ ನಿಂತಿಲ್ಲ. ನೀರೆಲ್ಲಾ ಬಸದು ನನ್ನ ಹೊಲದಾಗ ಬರ್ತೈತಿ. ಹೋದ ವರ್ಷ ಅರ್ಧ ಜ್ವಾಳ ಎದ್ದಿತ್ತು. ಈ ವರ್ಷ ಒಂದ ಕಾಳೂ ಎದ್ದಿಲ್ಲ."

ಹೊಲದಲ್ಲಿ ಪಾಲಿದ್ದ, ಕೊಲ್ಲಾಪುರದಲ್ಲಿ ನೌಕರಿಯಲ್ಲಿದ್ದ ಅವರ ಮೈದುನ, ಬೆಳೆಯದ ಹೊಲದ ಮೇಲ್ಮಣ್ಣನ್ನು ಇಟ್ಟಂಗಿ ಭಟ್ಟಿಯವರಿಗೆ ತೋಡಿಕೊಡುವುದೆಂದು ಹೇಳಿಬಿಟ್ಟಿದ್ದ. "ಒಮ್ಮಿ ತಗ್ಗ ಬಿತ್ತಂದ್ರ ಹೊಲ ಹೋತು ಅಕ್ಕಾರ. ಎರಡ ಮಳಿಗಾಲ ತಡೀಪಾ ಅಂತ ಕಾಲ ಹಿಡದೀನಿ. ಅಷ್ಟರಾಗ ಏನರ ಮಾಡ್ರಿ" ಎಂದರು.

ನಾನು ಓದಿದ ಕಾಲೇಜಿನಲ್ಲಿ ಪರಿಸರದ ಬಗ್ಗೆ ಒಂದು ಪಾಠವಿತ್ತು. ಜಗತ್ತಿನಲ್ಲೆಲ್ಲ ವಿದ್ಯುತ್ತಿನ ಬಳಕೆ ಏರುತ್ತಿದೆ, ಅದರೊಂದಿಗೆ ಕಲ್ಲಿದ್ದಲಿನ ಹೊಗೆ ಏರುತ್ತದೆ, ಅಣೆಕಟ್ಟಿನ ಹಿಂದೆ ಕಾಡು ಮುಳುಗುತ್ತದೆ ಎಂದು ಬರೆದುಕೊಂಡಿದ್ದೆವು. ಹಾನಿ ಆಗುವುದು ಕರೆಂಟು ಹುಟ್ಟುವ ತುದಿಯಲ್ಲಿ ಎಂದೇ ನನ್ನ ತಿಳಿವಳಿಕೆ. ಅದು ಬಂದು ಮುಟ್ಟುವ ತುದಿಯಲ್ಲಿ, ನನ್ನ ಸಹಿಯ ಕೆಳಗೆ, ಒಂದು ಹೊಲ ಹಾಳಾಗಬಹುದೆಂದು ಯಾರೂ ಹೇಳಿರಲಿಲ್ಲ. ನೀರು ನಮ್ಮ ಇಲಾಖೆಗೆ ಸೇರಿದ್ದಲ್ಲ ಎಂದು ಹೇಳಿ ಅವರನ್ನು ಕಳಿಸಬಹುದಿತ್ತು. ನಿಜ ಹೇಳಬೇಕೆಂದರೆ ಬಾಯಿಯವರೆಗೆ ಆ ಮಾತು ಬಂದಿತ್ತು.

ವಾರ್ಷಿಕ ಅರ್ಥಿಂಗ್ ಪರೀಕ್ಷೆ ಹೇಗೂ ಇತ್ತು. ದಸ್ತಗೀರರನ್ನು ಕರೆದುಕೊಂಡು ಅದೇ ದಿನ ಹೋದೆ. ಪ್ರತಿ ಟಿ.ಸಿ.ಯ ಪಕ್ಕ ಆಳವಾದ ತಗ್ಗು ತೋಡಿ, ಕಬ್ಬಿಣದ ಪೈಪು ಹೂತು, ಸುತ್ತಲೂ ಇದ್ದಿಲು ಮತ್ತು ಉಪ್ಪು ತುಂಬಿರುತ್ತಾರೆ. ಸೋರಿದ ವಿದ್ಯುತ್ತು ಮನುಷ್ಯರ ಮೈ ಹಿಡಿಯದೆ ನೆಲಕ್ಕೆ ಇಳಿಯಲೆಂದು ಈ ಏರ್ಪಾಡು. ನೆಲ ಒಡ್ಡುವ ತಡೆಯನ್ನು ಓಮ್‌ಗಳಲ್ಲಿ ಅಳೆಯುತ್ತೇವೆ. ಓಮ್ ಕಡಿಮೆಯಾದಷ್ಟೂ ಅರ್ಥಿಂಗ್ ಒಳ್ಳೆಯದು. ಐದು ದಾಟಿದರೆ ಮತ್ತೆ ಉಪ್ಪು, ಇದ್ದಿಲು ಹಾಕಿ ನೀರು ಹನಿಸಬೇಕು.

ದಸ್ತಗೀರರು ಓಮ್ ಅಳೆಯುವ ಟೆಸ್ಟರಿನ ಹಿಡಿಕೆ ತಿರುಗಿಸಿದರು. ಮುಳ್ಳು ೧.೨ಕ್ಕೆ ನಿಂತಿತು.

"ಮಾಶಾಲ್ಲಾ! ಇಂಥಾ ರೀಡಿಂಗ್ ನನ್ನ ಸರ್ವೀಸಿನಾಗ ನೋಡಿಲ್ರಿ ಮೇಡಂ" ಎಂದರು.

ಬರೆಯಲು ರಿಜಿಸ್ಟರ್ ತೆಗೆದೆ. ಮೇಲಿನ ಎರಡು ಸಾಲೂ ನನ್ನದೇ ಅಕ್ಷರ. ೧೯೯೧: ೪.೬. ೧೯೯೨: ೨.೯, ಷರಾ: ಉತ್ತಮ. ಹಾಕಿದ ಉಪ್ಪು ಮಳೆಗೆ ತೊಳೆದುಹೋಗುವುದರಿಂದ ಓಮ್ ವರ್ಷ ವರ್ಷ ಏರಬೇಕು. ೧೯೯೧ರ ನಂತರ ಆ ತಗ್ಗಿಗೆ ನಾವು ಒಂದು ಹಿಡಿ ಉಪ್ಪನ್ನೂ ಹಾಕಿರಲಿಲ್ಲ. ಆದರೂ ಇಲ್ಲಿ ಇಳಿಯುತ್ತಿತ್ತು. ಹೋದ ವರ್ಷ ಅದನ್ನು ನನ್ನ ಕೆಲಸದ ಅಚ್ಚುಕಟ್ಟೆಂದು ತಿಳಿದು 'ಉತ್ತಮ' ಎಂದು ಬರೆದು ಕೆಳಗೆ ಗೆರೆ ಬೇರೆ ಎಳೆದಿದ್ದೆ. ಕಬ್ಬಿಗೆ ಮಿತಿಮೀರಿ ಹಾಯಿಸಿದ ನೀರು ನೆಲಕ್ಕಿಳಿದು, ಆಳದ ಉಪ್ಪನ್ನು ಕರಗಿಸಿಕೊಂಡು ಕಡುಬೇಸಿಗೆಯಲ್ಲೂ ಮೇಲೇರಿ ಬರುತ್ತಿದ್ದುದನ್ನು ಟೆಸ್ಟರು ಒಂದು ವರ್ಷ ಮೊದಲೇ ಹೇಳಿತ್ತು. ಓದಲು ಬರದವಳು ನಾನು.

ಅಲ್ಲಿಂದ ಪಂಪ್‌ಹೌಸುಗಳಿಗೆ ಹೋದೆವು. ಮೊದಲಿನದರಲ್ಲೇ ಆ ಬೇವಿನ ಕಡ್ಡಿ ಕಂಡಿತು. ಹದಿನಾಲ್ಕರಲ್ಲೂ ಇತ್ತು. ಹೊಲಗಳಿಗೆ ಕರೆಂಟು ಪಾಳಿಯಲ್ಲಿ ಬರುತ್ತಿತ್ತು, ಹೇಳಿದ ಹೊತ್ತಿಗೆ ಬರುತ್ತಿರಲಿಲ್ಲ. ಬಂದಾಗಲೆಲ್ಲ ಹೊಳೆಗೆ ಓಡಿ ಬಟನ್ ಒತ್ತುವವರು ಯಾರು? ಕಡ್ಡಿ ಸಿಕ್ಕಿಸಿಟ್ಟರೆ ಕರೆಂಟು ಬಂದ ಕೂಡಲೇ ಮೋಟಾರು ತಾನೇ ಏಳುತ್ತದೆ, ಹೋಗುವವರೆಗೆ ಓಡುತ್ತದೆ. ಹಳೆಯ ಟಿ.ಸಿ. ಇದ್ದಾಗ ಈ ಕಡ್ಡಿಗಳಿಂದಲೇ ಫ್ಯೂಸ್ ಹಾರಿ ನೀರು ತಾನಾಗಿ ನಿಲ್ಲುತ್ತಿತ್ತು. ಆ ತಡೆಯನ್ನು ತೆಗೆದವಳು ನಾನು.

ಅಣ್ಣಾಸಾಹೇಬರು ತಮ್ಮ ಪಂಪ್‌ಹೌಸಿನ ಮುಂದಿನ ಕಲ್ಲಿನ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ವಿಷಯ ಹೇಳಿದೆ. ಅವರು ನಕ್ಕರು.

"ಬಾಯಾರ, ನೀವು ಇಂಜಿನಿಯರ ಅಂತ ತಿಳಿದಿದ್ದೆ. ಹೊಲದ ಡಾಕ್ಟರಕೀನೂ ಚಾಲೂ ಮಾಡೀರೇನು?"

"ಆಕಿ ಹೊಲ ಹೋಗಾಕತ್ತೈತ್ರಿ."

"ತಗ್ಗಿನ ಹೊಲ. ಅದು ನಮ್ಮಪ್ಪನ ಕಾಲದಿಂದ ಹಂಗ ಐತಿ."

ವಾದ ಮಾಡುವುದು ನನಗೆ ಬರುವುದಿಲ್ಲ. ಕೈಯಲ್ಲಿ ಟೆಸ್ಟರಿತ್ತು. "ನಿಮ್ಮ ಅರ್ಥಿಂಗ್ ನೋಡ್ಲ್ಯಾ?" ಎಂದು ಕೇಳಿದೆ. "ನೋಡ್ರಿ, ನಿಮ್ಮ ಮಶೀನು, ನಿಮ್ಮ ಕೈ" ಎಂದರು. ಅವರ ಪಂಪ್‌ಹೌಸಿನ ಪೈಪಿಗೆ ತಂತಿ ಕಟ್ಟಿ ತಿರುಗಿಸಿದೆವು. ೧.೭ ಬಂತು.

"ಚಲೋ ಐತೋ ಕೆಟ್ಟೈತೋ?" ಎಂದು ಅವರು ದಸ್ತಗೀರರನ್ನು ಕೇಳಿದರು.

"ಭಾಳ ಚಲೋ ಐತ್ರಿ ಅಣ್ಣಾಸಾಹೇಬ್ರ."

"ಮತ್ತ! ಮೊದ್ಲ ಬ್ಯಾಸಗಿ ಬಂತಂದ್ರ ಮೋಟಾರ ಮುಟ್ಟಿದ್ರ ಚುರ್ ಅಂತಿತ್ತು. ವರ್ಷಾ ಒಂದ ಚೀಲ ಉಪ್ಪ ಹಾಕ್ತಿದ್ದೆ. ಈಗ ಎರಡ ವರ್ಷಾತು, ಉಪ್ಪಿನ ಸುದ್ದೀನ ಇಲ್ಲ."

"ಹಾಕಿಲ್ಲೇನ್ರಿ?" ಎಂದೆ.

"ಒಂದ ಹರಳ ಸುದ್ದಾ ಹಾಕಿಲ್ಲ."

"ಮತ್ತ ಉಪ್ಪ ಎಲ್ಲಿಂದ ಬಂತ್ರಿ?"

ಅವರು ಅಗಿಯುವುದನ್ನು ನಿಲ್ಲಿಸಿದರು. ಎಲೆ ಉಗುಳಿ, ಹೊಳೆಯ ನೀರಿನಲ್ಲಿ ಬಾಯಿ ಮುಕ್ಕಳಿಸಿ ಬಂದರು. ಪೈಪಿನ ಬುಡದಿಂದ ಒಂದು ಗೇಣು ಮಣ್ಣು ಕೆದರಿ, ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿಕೊಂಡರು. ಎದ್ದು ತಮ್ಮ ಕಬ್ಬಿನೊಳಗೆ ಕೆಳಮಗ್ಗುಲಿಗೆ ನಡೆದರು. ನಾವು ಹಿಂದೆ ಹೋದೆವು. ಕೊನೆಯ ಆರು ಸಾಲುಗಳಲ್ಲಿ ಕಬ್ಬು ಮೊಣಕಾಲೆತ್ತರಕ್ಕೆ ಕುಂಠಿತವಾಗಿ, ಗರಿಯ ತುದಿ ಹಳದಿಯಾಗಿತ್ತು. ಗೊಬ್ಬರ ಸಾಲದೆಂದು ತಿಳಿದು ಎರಡು ಸಲ ಯೂರಿಯಾ ಹಾಕಿಸಿದ್ದರಂತೆ. ಬುಡದಲ್ಲಿ ನೆಲ ಬೆಳ್ಳಗಿತ್ತು.

"ಆಕಿ ಹೊಲದ್ದ ಆತು, ಮುಂದಿನ ಪಾಳಿ ನಂದ ಐತಿ ಅನ್ರಿ" ಎಂದರು.

ಪಂಪ್‌ಹೌಸಿಗೆ ಮರಳಿ, ಸ್ಟಾರ್ಟರಿನಿಂದ ಕಡ್ಡಿ ಕಿತ್ತು ನನ್ನ ಕೈಗೆ ಕೊಟ್ಟರು.

ಮರುವಾರ ಹದಿನಾಲ್ಕು ಮಂದಿಯೂ ಅದೇ ಕಲ್ಲಿನ ಸುತ್ತ ಸೇರಿದರು. ನಾನು ಹೇಳಿದ್ದು ಕಡಿಮೆ. ಓಮ್ ಲೆಕ್ಕವನ್ನು ಬಿಟ್ಟು, ಯಾರು ಯಾರು ಎರಡು ವರ್ಷದಿಂದ ಅರ್ಥಿಂಗಿಗೆ ಉಪ್ಪು ಹಾಕಿಲ್ಲ ಎಂದಷ್ಟೇ ಕೇಳಿದೆ. ಒಂಬತ್ತು ಕೈ ಮೇಲೆದ್ದವು. ಉಳಿದದ್ದನ್ನು ಅಣ್ಣಾಸಾಹೇಬರು ಕನ್ನಡದಲ್ಲಿ ಅರ್ಧ, ಮರಾಠಿಯಲ್ಲಿ ಅರ್ಧ ಹೇಳಿದರು. ಏಳು ಮೋಟಾರು ಒಂದು ದಿನ, ಏಳು ಮರುದಿನ. ಯಾರದ್ದೂ ತಾನಾಗಿ ಏಳಬಾರದು, ಮನುಷ್ಯನೇ ಬಂದು ಬಟನ್ ಒತ್ತಬೇಕು. ಸಾಲು ತುಂಬಿದ ಕೂಡಲೇ ನಿಲ್ಲಿಸಬೇಕು.

"ಹೊಳಿಗೆ ಹತ್ತ ಸಲ ಓಡೂದು ಯಾರ್ರಿ ಕಾಕಾ?" ಎಂದು ಒಬ್ಬ ತಕರಾರು ತೆಗೆದ.

"ಹೊಟ್ಟಿ ನೋಡ್ಕೋಲೇ ನಿಂದ. ಓಡಿದ್ರ ನಿನಗ ಚಲೋ" ಎಂದು ಅಣ್ಣಾಸಾಹೇಬರೆಂದಾಗ ಎಲ್ಲರೂ ನಕ್ಕರು. ಕಿತ್ತ ಕಡ್ಡಿಗಳನ್ನು, ನನ್ನ ಕೈಗೆ ಬಂದಿದ್ದನ್ನೂ ಸೇರಿಸಿ, ದಸ್ತಗೀರರು ಟವೆಲಿನಲ್ಲಿ ಕಟ್ಟಿಕೊಂಡು, "ಬೇವಿನ್ವು ಅದಾವ, ಹದಿನಾಕ ದಿನ ಹಲ್ಲ ತಿಕ್ಕಾಕ ಆತು" ಎಂದರು.

ಕೃಷಿ ಇಲಾಖೆಯ ಸಹಾಯಕರೊಬ್ಬರು ಬಂದು, ನಿಂತ ನೀರು ಹರಿದು ಹೋಗದ ಹೊರತು ಉಪ್ಪು ಇಳಿಯುವುದಿಲ್ಲ, ಯಮುನಾಬಾಯಿಯ ಹೊಲದಿಂದ ಹಳ್ಳದವರೆಗೆ ನಾಲ್ಕು ಅಡಿ ಆಳದ ಬಸಿಗಾಲುವೆ ತೋಡಬೇಕು ಎಂದರು. ಕಾಲುವೆಗೆ ಇದ್ದ ಒಂದೇ ದಾರಿ ಅಣ್ಣಾಸಾಹೇಬರ ಕಬ್ಬಿನ ನಡುವೆ. ಅವರು ಎರಡು ಸಾಲು ಕಡಿಸಿ ದಾರಿ ಬಿಡಲು ಒಪ್ಪಿದರು. ಯಮುನಾಬಾಯಿ ಸೊಂಟಕ್ಕೆ ಸೆರಗು ಕಟ್ಟಿ ತಾವೇ ಮೊದಲು ಕುಡಗೋಲು, ಆಮೇಲೆ ಗುದ್ದಲಿ ಹಿಡಿದರು. "ನಿಮ್ಮ ಕಬ್ಬ ಕಡ್ದು ಕೂಲಿ ತಗೊಂಡೀನ್ರಿ, ಇವತ್ತ ಬಿಟ್ಟಿ ಕಡೀತೀನಿ" ಎಂದು ಅವರೆಂದದ್ದಕ್ಕೆ ಅಣ್ಣಾಸಾಹೇಬರು, "ಎರಡ ಸಾಲ ಅಷ್ಟ ಕಡೀಬೇ, ಹುರುಪಿನಾಗ ಮೂರನೇದ ಕಡ್ದಿ" ಎಂದರು.

ಮೊದಲ ಮಳೆಗಾಲದಲ್ಲಿ ಹಸಿರು ಗೊಬ್ಬರಕ್ಕೆಂದು ಬಿತ್ತಿದ ಸೆಣಬು ಅಲ್ಲಲ್ಲಿ ಮಾತ್ರ ಎದ್ದಿತು. ಯಮುನಾಬಾಯಿಯ ಮೈದುನ ಬಂದು ನೋಡಿ ಹೋದ. ಆ ಚಳಿಗಾಲವಿಡೀ, ಮುಂದಿನ ಏಪ್ರಿಲಿನ ಅರ್ಥಿಂಗ್ ಪರೀಕ್ಷೆಗೆ ಕೂಡ, ಆ ಕಡೆ ಹೋಗುವ ಕೆಲಸವಿದ್ದರೆ ನಾನು ದಸ್ತಗೀರರನ್ನು ಕಳಿಸುತ್ತಿದ್ದೆ. ಸ್ವತಃ ನೋಡುವ ಧೈರ್ಯವಿರಲಿಲ್ಲ. ಇನ್ನೊಂದು ಮಳೆಗಾಲ ಅಷ್ಟೇ ಉಳಿದಿತ್ತು.

೧೯೯೪ರ ಅಕ್ಟೋಬರಿನಲ್ಲಿ ಯಮುನಾಬಾಯಿ ಮತ್ತೆ ಆಫೀಸಿಗೆ ಬಂದರು. ಸೆರಗಿನಲ್ಲಿ ಏನೂ ಇರಲಿಲ್ಲ. "ನಡೀರಿ ಅಕ್ಕಾರ" ಎಂದಷ್ಟೇ ಹೇಳಿದರು. ಬದುವಿನ ಮೇಲೆ ನಿಂತಾಗ, "ಚಪ್ಪಲಿ ಬಿಡ್ರಿ, ಸಾಲಿನ ನಡು ಕಾಲಿಡ್ರಿ, ತುಳದೀರಿ" ಎಂದರು. ಮೂಲೆಯ ಒಂದು ಚಾಪೆಯಗಲ ಜಾಗ ಬಿಟ್ಟರೆ ಹೊಲದ ತುಂಬ ಜೋಳದ ಮೊಳಕೆ ಎರಡು ಬೆರಳು ಎದ್ದಿತ್ತು. ಬಸ್ಸಿನಲ್ಲಿ ಮನೆಗೆ ಹೋಗುವಾಗ ಕಣ್ಣು ಒರೆಸಿಕೊಂಡೆ. ಪಕ್ಕದವರು ಧೂಳೆಂದು ಕಿಟಕಿ ಹಾಕಿದರು.

ಮಣ್ಣು ತೋಡುವ ಮಾತು ಅಲ್ಲಿಗೆ ನಿಂತಿತು. ೧೯೯೫ರ ಏಪ್ರಿಲಿನಲ್ಲಿ, ಜೋಳದ ರಾಶಿ ಮುಗಿದ ಮೇಲೆ, ಅರ್ಥಿಂಗ್ ಪರೀಕ್ಷೆಗೆ ಮತ್ತೆ ಹೋದೆವು. ದಸ್ತಗೀರರು ಹಿಡಿಕೆ ತಿರುಗಿಸಿ, ನಿಲ್ಲಿಸಿ, ಇನ್ನೊಮ್ಮೆ ತಿರುಗಿಸಿದರು.

"ಐದು ಪಾಯಿಂಟ್ ಆರು. ಕೆಟ್ಟೈತ್ರಿ ಮೇಡಂ." ನನ್ನ ಮುಖ ನೋಡಿ, "ಕೆಟ್ಟೈತಿ ಅಂದ್ರ ನಗಾಕತ್ತೀರಲ್ರಿ?" ಎಂದರು.

ಅಳತೆ ಸುಳ್ಳು ಹೇಳುವುದಿಲ್ಲ. ಆದರೆ ಅದರ ಪಕ್ಕದಲ್ಲಿ ನಾವು ಬರೆಯುವ ಷರಾ ಯಾರಿಗೆ ಉತ್ತಮ, ಎಷ್ಟು ದೂರದವರೆಗೆ ಉತ್ತಮ ಎಂದು ಒಮ್ಮೆ ಸುತ್ತ ನೋಡಿ ಬರೆಯಬೇಕು. ಕೆಲಸ ನನಗೆ ಕಲಿಸಿದ್ದು ಇಷ್ಟು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಆಫೀಸಿಗೆ ಹೋಗಿ ರಿಜಿಸ್ಟರ್ ತೆಗೆದೆ. ೧೯೯೨ರ 'ಉತ್ತಮ'ವನ್ನು ಹೊಡೆದು ಹಾಕಲಿಲ್ಲ. ಅದರ ಮುಂದೆ ಕೆಂಪು ಶಾಯಿಯಲ್ಲಿ 'ಕಾರಣ ನೋಡಿರಲಿಲ್ಲ' ಎಂದು ಬರೆದು ಅಂದಿನ ತಾರೀಖು ಹಾಕಿ ಸಹಿ ಮಾಡಿದೆ. ಆಮೇಲೆ ಬಸ್ ಸ್ಟ್ಯಾಂಡಿನ ಹತ್ತಿರದ ಕಿರಾಣಿ ಅಂಗಡಿಗೆ ಹೋಗಿ ಹತ್ತು ಕಿಲೋ ಹರಳುಪ್ಪು ಕೊಂಡೆ.

"ಇಷ್ಟ ಉಪ್ಪ ಯಾಕ್ರಿ ಬಾಯಾರ? ಉಪ್ಪಿನಕಾಯಿಗೇನು?" ಎಂದು ಅಂಗಡಿಯವರು ಕೇಳಿದರು.

"ಅಲ್ರಿ. ನೆಲದಾಗ ಕಡಿಮಿ ಬಿದ್ದೈತಿ" ಎಂದು ಹೇಳಿ ಚೀಲ ಎತ್ತಿಕೊಂಡೆ.